ನಡುರಾತ್ರಿ ಏಳುವ ಕೂಸನ್ನು ಮತ್ತೆ ಮಲಗಿಸುವುದು

ಒಂದರಿಂದ ಮೂರು ವರ್ಷದ ಮಕ್ಕಳು ರಾತ್ರಿ ಹಲವು ಸಲ ಅರೆ ಎಚ್ಚರಾಗಿ, ಹೊರಳಿ, ತಾವೇ ಮಲಗುತ್ತಾರೆ. ಮಲಗುವಾಗ ಇದ್ದದ್ದು ಎದ್ದಾಗ ಕಾಣದಿದ್ದರೆ ರಂಪ ಶುರು. ಜೋಳಿಗೆಯಲ್ಲಿ ತೂಗಿಸಿಕೊಂಡು ಕಣ್ಣು ಮುಚ್ಚಿದ ಕೂಸು ಎರಡು ಗಂಟೆಗೆ ಹಾಸಿಗೆಯಲ್ಲಿ ಕಣ್ಣು ಬಿಟ್ಟರೆ ಜೋಳಿಗೆಯನ್ನೇ ಕೇಳುತ್ತದೆ. ಹಾಗಾಗಿ ಅರ್ಧ ಕೆಲಸ ಸಂಜೆಯೇ ಮುಗಿಯಬೇಕು.

ಹಗಲಿನ ನಿದ್ದೆ ಮೂರೂವರೆಯೊಳಗೆ ಆಗಲಿ. ಸಂಜೆ ಆರಕ್ಕೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ಅರ್ಧ ತಾಸು ತೂಕಡಿಸಿದರೂ ರಾತ್ರಿ ನಿದ್ದೆ ಹತ್ತೂವರೆಗೆ ಹೋಗುತ್ತದೆ, ದಾರಿಯುದ್ದಕ್ಕೂ ಮಾತಾಡಿಸುತ್ತಿರಿ. ಏಳೂವರೆಗೆ ಮೆತ್ತನ್ನ ಅನ್ನವೋ ಹಾಲಲ್ಲಿ ನೆನೆಸಿದ ರೊಟ್ಟಿಯೋ ಉಣಿಸಿ, ಹಲ್ಲುಜ್ಜಿ, ಟಿವಿ ಆರಿಸಿ. ಎಂಟೂವರೆಗೆ, ಕಣ್ಣು ಎಳೆಯುತ್ತಿರುವಾಗಲೇ, ಹಾಸಿಗೆಗೆ ಹಾಕಿ ಬೆನ್ನು ತಟ್ಟಿ. ಪೂರ್ತಿ ನಿದ್ದೆ ಹತ್ತುವುದು ಹಾಸಿಗೆಯ ಮೇಲೇ ಆಗಬೇಕು.

ರಾತ್ರಿ ಕುಂಯ್ ಅಂದ ಕೂಡಲೇ ಎತ್ತಿಕೊಳ್ಳಬೇಡಿ. ಒಂದೆರಡು ನಿಮಿಷ ಕಾಯಿರಿ. ಎಷ್ಟೋ ಸಲ ಅದು ನಿದ್ದೆಗಣ್ಣಿನ ಅಳು. ನಿಲ್ಲದಿದ್ದರೆ ಟ್ಯೂಬ್‌ಲೈಟ್ ಹಾಕದೆ ಮೈಮೇಲೆ ಕೈಯಿಟ್ಟು “ಮಲ್ಕೋ, ನಾ ಇಲ್ಲೇ ಅದೀನಿ” ಅನ್ನಿ, ಪ್ರತಿ ಸಲ ಅದೇ ಮಾತು. ಕತ್ತಿನ ಹಿಂಭಾಗ ಮುಟ್ಟಿ ನೋಡಿ: ಬೆವತಿದ್ದರೆ ಕೌದಿ ಸರಿಸಿ. ಮೂರು ರಾತ್ರಿ ಗಟ್ಟಿಯಾಗಿದ್ದು ನಾಲ್ಕನೆಯ ರಾತ್ರಿ ಅಜ್ಜಿ ಎದ್ದು ತೂಗಿದರೆ, ಹೆಚ್ಚು ಹೊತ್ತು ಅತ್ತರೆ ಸಿಗುತ್ತದೆ ಎಂದು ಕೂಸು ಕಲಿಯುತ್ತದೆ. ಅಜ್ಜಿಯನ್ನು ಮೊದಲೇ ಒಪ್ಪಿಸಿಕೊಳ್ಳಿ. ಕಷ್ಟದ ಭಾಗ ಇದೇ.

ವರ್ಷ ದಾಟಿ, ಹಗಲು ಚೆನ್ನಾಗಿ ಉಣ್ಣುವ ಕೂಸಿಗೆ ರಾತ್ರಿ ಬಾಟಲಿ ಹಾಲು ಬೇಕಿಲ್ಲ. 180 ಎಂಎಲ್ ಕುಡಿಯುತ್ತಿದ್ದರೆ ಎರಡು ರಾತ್ರಿಗೊಮ್ಮೆ 30 ಎಂಎಲ್ ಇಳಿಸಿ, 60ಕ್ಕೆ ಬಂದಾಗ ನಿಲ್ಲಿಸಿ. ಬಾಟಲಿ ಕಚ್ಚಿಕೊಂಡೇ ಮಲಗಿದರೆ ಮುಂದಿನ ಹಲ್ಲು ಹುಳುಕಾಗುತ್ತವೆ.

ಮಲಗಿದ ಒಂದರಿಂದ ಮೂರು ತಾಸಿನೊಳಗೆ ಕಿರುಚಿ ಎದ್ದು, ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದಿದ್ದರೆ ಅದು ಬೇರೆ ಸಂಗತಿ: ಕೂಸು ಇನ್ನೂ ನಿದ್ದೆಯಲ್ಲೇ ಇದೆ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಅಲುಗಾಡಿಸಿ ಎಬ್ಬಿಸಬೇಡಿ. ಬೀಳದಂತೆ ಪಕ್ಕದಲ್ಲಿರಿ, ಕೆಲ ನಿಮಿಷದಲ್ಲಿ ತಾನೇ ಇಳಿಯುತ್ತದೆ.

ದಿನಾ ಗೊರಕೆ, ಉಸಿರು ನಿಂತು ನಿಂತು ಬರುವುದು, ಜ್ವರದೊಡನೆ ಕಿವಿ ಎಳೆದುಕೊಳ್ಳುವುದು, ರಾತ್ರಿ ಕುಂಡಿ ತುರಿಸುವುದು (ಜಂತುಹುಳು ಇರಬಹುದು) ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಿದ್ದೆ ಬರಲೆಂದು ಕೆಮ್ಮಿನ ಸಿರಪ್ ಮಾತ್ರ ಕುಡಿಸಬೇಡಿ.