ದಕ್ಷಿಣ ಆಫ್ರಿಕಾ ಸೇನೆಯ ಗಾಡಿ ಗುರುತಿಸೋದು ಹೇಗೆ?

ಪುಟ್ಟ ಪುಟ್ಟ ಸೇನಾ ಗಾಡಿಗಳ ಮಾಡೆಲ್ ಕಟ್ಟುವುದು ನನ್ನ ಹುಚ್ಚು. ಫೋಟೊದಲ್ಲಿ ಗಾಡಿ ಗುರುತಿಸಬೇಕಾದರೆ ಮೊದಲು ಚಕ್ರ ಎಣಿಸಿ. ದಕ್ಷಿಣ ಆಫ್ರಿಕಾದಲ್ಲಿ ಸಾಗಬೇಕಾದ ದೂರ ಜಾಸ್ತಿ. ಹಾಗಾಗಿ ಅವರು ಚಕ್ರದ ಗಾಡಿಗಳನ್ನೇ ಹೆಚ್ಚು ನೆಚ್ಚಿಕೊಂಡರು.

ನಾಲ್ಕು ಚಕ್ರ, ಎತ್ತರದ ಮೈ ಇದ್ದರೆ ಸೈನಿಕರನ್ನು ಒಯ್ಯುವ ಕ್ಯಾಸ್ಪಿರ್ ಇರಬಹುದು. ಹೊಟ್ಟೆಯ ಕಡೆ ನೋಡಿ. ದೋಣಿಯ ತಳದ ಹಾಗೆ ಚೂಪಾಗಿರುತ್ತದೆ. ಕೆಳಗೆ ನೆಲಬಾಂಬ್ ಸಿಡಿದರೆ ಹೊಡೆತ ಎರಡೂ ಬದಿಗೆ ಜಾರಿಹೋಗಲಿ ಅಂತ. ಭಾರತೀಯ ಸೇನೆಯೂ ಇದನ್ನು ಕೊಂಡಿತ್ತು. ಮಾಡೆಲ್‌ನಲ್ಲಿ ಈ ಇಳಿಜಾರು ಸರಿ ಬರದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ದಂಡ.

ಆರು ಚಕ್ರ ಇದ್ದರೆ ತೋಪು ನೋಡಿ. ತೆಳ್ಳಗೆ, ನಳಿಗೆಯ ಬಾಯಿ 20 ಮಿ.ಮೀ. ಇದ್ದರೆ ಸೈನಿಕರನ್ನು ಒಯ್ಯುವ ರಾಟೆಲ್. ಭಾರೀ ಉದ್ದದ, 155 ಮಿ.ಮೀ. ಬಾಯಿಯ ತೋಪು ಇದ್ದರೆ ತಾನೇ ಓಡುವ ಫಿರಂಗಿ ಜಿ6. ಇದನ್ನು ಯಾರೂ ತಪ್ಪು ಗುರುತಿಸಲಾರರು! ಎಂಟು ಚಕ್ರ, 76 ಮಿ.ಮೀ. ತೋಪು ಇದ್ದರೆ ರೋಯ್‌ಕಾಟ್ ಅನ್ನುವ ಕವಚದ ಗಾಡಿ.

ಚಕ್ರದ ಬದಲು ಟ್ರ್ಯಾಕ್ ಮೇಲೆ ಓಡುವ ಟ್ಯಾಂಕ್ ಕಂಡರೆ ಓಲಿಫಾಂಟ್. ಅದರ ಮೂಲ ಬ್ರಿಟನ್ನಿನ ಸೆಂಚೂರಿಯನ್. 1965ರಲ್ಲಿ ನಮ್ಮವರು ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳ ಎದುರು ಇಳಿಸಿದ್ದೂ ಸೆಂಚೂರಿಯನ್‌ಗಳನ್ನೇ ಅಲ್ವಾ?

ವೈದ್ಯಕೀಯ ಗಾಡಿ ಸಿಕ್ಕರೆ ಸುಮ್ನೆ ಭೂಸೇನೆ ಅಂತ ಬರೆದುಬಿಡಬೇಡಿ. 1994ರಲ್ಲಿ ರೂಪುಗೊಂಡ ದಕ್ಷಿಣ ಆಫ್ರಿಕಾದ ರಕ್ಷಣಾ ಪಡೆಯಲ್ಲಿ ಭೂಸೇನೆ, ವಾಯುಪಡೆ, ನೌಕಾಪಡೆಯ ಜೊತೆ ಸೇನಾ ಆರೋಗ್ಯ ಸೇವೆಯೂ ಪ್ರತ್ಯೇಕ ಅಂಗ. ಇನ್ನು ಹಡಗು, ಜಲಾಂತರ್ಗಾಮಿ ಬೇಕಿದ್ದರೆ ಸೈಮನ್ಸ್ ಟೌನ್ ನೌಕಾನೆಲೆಯ ಚಿತ್ರಗಳನ್ನು ಹುಡುಕಿ.