ಉಳದ ಹೊಲಕ್ಕೆ ಹಳೇ ಕೂರಿಗೆ: ಮೊದಲು ಕುಳ ಬದಲಿಸಿ

ಹೊಲ ಉಳದೆ ನೇರವಾಗಿ ಬಿತ್ತಲು ಹೊಸ ಯಂತ್ರವೇ ಬೇಕು ಅಂತಿಲ್ಲ. ಫ್ರೇಮ್ ಗಟ್ಟಿ ಇದ್ದರೆ ಹಳೇ ಟ್ರ್ಯಾಕ್ಟರ್ ಕೂರಿಗೆಯೇ ಸಾಕು. ಮಣ್ಣು ಸೀಳುವ ಅಗಲ ಕುಳ ತೆಗೆದು, ತಲೆಕೆಳಗಾದ 'ಟಿ' ಆಕಾರದ ಕಿರಿದಾದ ಕುಳ ಹಾಕಿ. ಮೇಲೆ ಸಣ್ಣ ಸೀಳು, ಒಳಗೆ ಮಾತ್ರ ಸಡಿಲ ಮಣ್ಣು. ತೇವ ಉಳಿಯುತ್ತದೆ.

ನಿಜವಾದ ತಲೆನೋವು ಕೂಳೆಯದು, ಅಂದರೆ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ಬುಡ, ಹುಲ್ಲಿನದು. ಕುಳಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಹುಲ್ಲು ಸಿಕ್ಕಿಕೊಂಡು ರಾಶಿಯಾಗಿ ಎಳೆದುಕೊಂಡು ಬರುತ್ತದೆ. ಹಿಂದೆ ಮುಂದೆ ಎರಡು ಮೂರು ಸಾಲಾಗಿ ಹಂಚಿ. ಕತ್ತರಿಸುವ ಡಿಸ್ಕ್ ಮುಂದೆ ಇದ್ದರೆ ಇನ್ನೂ ಒಳ್ಳೆಯದು. ಆದರೆ ಇಬ್ಬನಿಗೆ ನೆನೆದ ಹುಲ್ಲನ್ನು ಅದು ಕತ್ತರಿಸದೆ ಸೀಳಿನೊಳಗೇ ಮಡಚಿ ತುರುಕುತ್ತದೆ, ಬೀಜಕ್ಕೆ ಮಣ್ಣೇ ತಾಗಲ್ಲ. ಬಿಸಿಲೇರಲಿ, ಅವಸರ ಬೇಡ.

ಹತ್ತು ಹೆಜ್ಜೆ ಬಿತ್ತಿದ ಮೇಲೆ ಇಳಿದು ಸಾಲು ಕೆದಕಿ ನೋಡಿ. ಕೆದಕುವ ಮೊದಲೇ ಬೀಜ ಕಣ್ಣಿಗೆ ಬಿದ್ದರೆ ಹಿಂದೊಂದು ಒತ್ತುವ ಚಕ್ರ ಬೇಕೇ ಬೇಕು.