ಗೃಹಸಾಲದ ಕಂತು ತಪ್ಪಿ ನೋಟಿಸ್ ಬಂದರೆ: ಮನೆ ಹರಾಜಿನ ಹಂತಗಳು ಮತ್ತು ಸಾಲಗಾರನ ಗಡುವುಗಳು

ಕಂತು ತಪ್ಪಿದ ಮೊದಲ ತಿಂಗಳು ಬ್ಯಾಂಕಿನಿಂದ ಎಸ್‌ಎಂಎಸ್ ಬರುತ್ತದೆ, ಎರಡನೆಯ ತಿಂಗಳು ಫೋನು, ಮೂರನೆಯ ತಿಂಗಳು ಬಾಗಿಲಿಗೇ ಜನ. ಹೆಚ್ಚಿನವರು ಅಷ್ಟೂ ದಿನ ಫೋನ್ ಎತ್ತದೆ ಕಳೆಯುತ್ತಾರೆ. ಆದರೆ ಸಾಲಗಾರನಿಗೆ ಹೆಚ್ಚು ದಾರಿಗಳಿರುವುದು ಈ ಮೂರು ತಿಂಗಳಲ್ಲೇ. ಆಮೇಲೆ ಬರುವ ಒಂದೊಂದು ಕಾಗದಕ್ಕೂ ಒಂದೊಂದು ಗಡುವು ಇದೆ. ಗಡುವು ಮೀರಿದಂತೆಲ್ಲ ಮನೆ ಉಳಿಸಿಕೊಳ್ಳುವ ಖರ್ಚು ಏರುತ್ತದೆ.

ಮೊದಲ 90 ದಿನ

ಬಾಕಿ 90 ದಿನ ದಾಟಿತೆಂದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎನಿಸಿಕೊಳ್ಳುತ್ತದೆ. ಹಾಗಾಗುವ ಮುಂಚೆ ಎಲ್ಲಕ್ಕಿಂತ ಹಳೆಯ ಒಂದು ಕಂತನ್ನಾದರೂ ಪೂರ್ತಿ ಕಟ್ಟಿದರೆ ದಿನಗಳ ಲೆಕ್ಕ ಹಿಂದೆ ಸರಿಯುತ್ತದೆ. ಕಟ್ಟಿದ ಹಣವನ್ನು ಕಂತಿಗೇ ಜಮೆ ಮಾಡಿ, ದಂಡ ಶುಲ್ಕಕ್ಕಲ್ಲ ಎಂದು ಇಮೇಲ್‌ನಲ್ಲಿ ಬರೆದು ತಿಳಿಸಿ. ಎನ್‌ಪಿಎ ಆದ ಮೇಲೆ ಈ ಉಪಾಯ ನಡೆಯದು. ಬಾಕಿಯಿರುವ ಅಸಲು, ಬಡ್ಡಿ ಅಷ್ಟನ್ನೂ ಕಟ್ಟಿದರೆ ಮಾತ್ರ ಖಾತೆ ಮತ್ತೆ ಸರಿದಾರಿಗೆ ಬರುತ್ತದೆ. ಎನ್‌ಪಿಎ ಆದ ಮಾರನೇ ವಾರ ಒಂದು ಕಂತು ಕಟ್ಟಿ ಗಂಡಾಂತರ ಕಳೆಯಿತು ಎಂದು ನಿರಾಳವಾಗಿ ಕೂರುವವರು ಬಹಳ.

ಸಾಲದ ಮರುಹೊಂದಾಣಿಕೆ ಕೇಳುವುದಿದ್ದರೂ ಇದೇ ಸಮಯ. ಆದರೆ ಏನು ಕೇಳಬೇಕು ಎಂಬುದನ್ನು ಲೆಕ್ಕ ಹಾಕಿಕೊಂಡೇ ಹೋಗಿ. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 30 ಲಕ್ಷ ರೂಪಾಯಿ ಸಾಲ ಎಂದುಕೊಳ್ಳಿ. ಕಂತು ಸುಮಾರು ₹26,992. ಅವಧಿಯನ್ನು 25 ವರ್ಷಕ್ಕೆ ಎಳೆದರೆ ಅದು ₹25,176ಕ್ಕೆ ಇಳಿಯುತ್ತದೆ, 30 ವರ್ಷ ಮಾಡಿದರೂ ₹24,139. ಹತ್ತು ವರ್ಷ ಹೆಚ್ಚು ಸಾಲ ಹೊತ್ತರೂ ತಿಂಗಳಿಗೆ ಉಳಿಯುವುದು ಮೂರು ಸಾವಿರಕ್ಕೂ ಕಡಿಮೆ! ಸಂಬಳ ಸ್ವಲ್ಪ ಇಳಿದವರಿಗೆ ಇದು ಸಾಕಾದೀತು. ಕೆಲಸವೇ ಹೋದವರು ಕೇಳಬೇಕಾದದ್ದು ಕೆಲವು ತಿಂಗಳ ಕಂತು ವಿರಾಮ. ಅದೂ ಪುಕ್ಕಟೆಯಲ್ಲ: ಇದೇ ಸಾಲಕ್ಕೆ ಆರು ತಿಂಗಳ ವಿರಾಮ ಸಿಕ್ಕರೆ ಅಸಲಿಗೆ ಸುಮಾರು ₹1.38 ಲಕ್ಷ ಸೇರಿಕೊಳ್ಳುತ್ತದೆ. ಮರುಹೊಂದಾಣಿಕೆ ಮಾಡಿದರೆ ಬ್ಯಾಂಕು ತನ್ನ ಲೆಕ್ಕದಲ್ಲಿ ಹೆಚ್ಚು ಹಣ ತೆಗೆದಿಡಬೇಕಾಗುತ್ತದೆ, ಹಾಗಾಗಿ ಶಾಖೆಯವರು ಮೊದಲು ‘ಆಗಲ್ಲ’ ಎನ್ನುವುದೇ ಹೆಚ್ಚು. ಬಾಯಿಮಾತಿನ ‘ಆಗಲ್ಲ’ಕ್ಕೆ ಬೆಲೆ ಕೊಡಬೇಡಿ. ಅರ್ಜಿ ಕೊಟ್ಟು, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸ ಹೋದ ಪತ್ರ ಅಥವಾ ಆಸ್ಪತ್ರೆಯ ಬಿಲ್, ಮುಂದೆ ಎಂದಿನಿಂದ ಎಷ್ಟು ಕಟ್ಟಬಲ್ಲಿರಿ ಎಂಬ ಒಂದು ಪುಟದ ಲೆಕ್ಕ ಇರಲಿ.

ಸಾಲ ಪಡೆಯುವಾಗ ಕಟ್ಟಿಸಿಕೊಂಡ ವಿಮೆಯ ಕಾಗದವನ್ನು ಒಮ್ಮೆ ಹುಡುಕಿ. ಬಹಳ ಮನೆಗಳಲ್ಲಿ ಅದು ಇರುವುದೇ ಮರೆತುಹೋಗಿರುತ್ತದೆ. ಸಾಲಗಾರ ತೀರಿಕೊಂಡಾಗ ವಿಮಾ ಕಂಪನಿ ಕಟ್ಟಬೇಕಾದ ಹಣಕ್ಕೆ ಮನೆಯವರು ಕೈಸಾಲ ಮಾಡಿ ಕಂತು ಕಟ್ಟುತ್ತಿರುವುದೂ ಉಂಟು.

ವಸೂಲಿಗೆ ಬಂದವರ ವಿಷಯದಲ್ಲಿ ಎರಡು ಮಾತು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ. ನಗದು ಕೊಡಬೇಡಿ, ಹೊಸದಾಗಿ ಮುಂದಿನ ತಾರೀಖಿನ ಚೆಕ್ಕನ್ನಂತೂ ಕೊಡಲೇಬೇಡಿ. ಸಾಲ ಕಟ್ಟದಿರುವುದು ಸಿವಿಲ್ ವ್ಯವಹಾರ, ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು. ‘ಸುಮ್ಮನೆ ಭದ್ರತೆಗೆ ಒಂದು ಚೆಕ್ ಕೊಡಿ ಸಾರ್’ ಎನ್ನುವುದು ಇದಕ್ಕೇ.

60 ದಿನದ ನೋಟಿಸ್

ಎನ್‌ಪಿಎ ಆದ ಮೇಲೆ ಬ್ಯಾಂಕು ಕೋರ್ಟಿಗೆ ಹೋಗದೆಯೇ ಮನೆ ಹರಾಜು ಹಾಕಲು 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಟ್ಟಿದೆ. ಅದರ ಮೊದಲ ಹೆಜ್ಜೆ ಸೆಕ್ಷನ್ 13(2)ರ ನೋಟಿಸ್: 60 ದಿನದೊಳಗೆ ಪೂರ್ತಿ ಸಾಲ ತೀರಿಸಿ ಎಂಬ ತಾಕೀತು. ಇಲ್ಲಿ ಕೇಳುವುದು ತಪ್ಪಿದ ಮೂರು ಕಂತನ್ನಲ್ಲ, ಇಡೀ ಸಾಲವನ್ನು. ಮೊತ್ತ ನೋಡಿ ಎದೆ ಒಡೆದುಕೊಳ್ಳಬೇಡಿ. ಬಾಕಿ ಕಂತುಗಳನ್ನೆಲ್ಲ ಕಟ್ಟಿ ಖಾತೆ ಸರಿಪಡಿಸಿಕೊಳ್ಳುವುದಾಗಿ ಹೇಳಿದರೆ, ಹಣ ಕೈಯಲ್ಲಿದ್ದರೆ, ಈ ಹಂತದಲ್ಲಿ ಬ್ಯಾಂಕುಗಳು ಒಪ್ಪುವುದುಂಟು. ಆ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಅಂಚೆಯವನನ್ನು ವಾಪಸ್ ಕಳಿಸಿದರೆ ನೋಟಿಸ್ ತಪ್ಪುವುದಿಲ್ಲ. ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿದರೂ ಜಾರಿಯಾದಂತೆಯೇ. ತೆಗೆದುಕೊಳ್ಳಿ, ಲಕೋಟೆಯನ್ನು ಎಸೆಯದೆ ಅದರ ಮೇಲೆ ಬಂದ ದಿನಾಂಕ ಬರೆದಿಡಿ. ಆಮೇಲೆ ಇವನ್ನು ಒಂದೊಂದಾಗಿ ಪರೀಕ್ಷಿಸಿ: ಎನ್‌ಪಿಎ ಆದ ದಿನಾಂಕ ನಿಮ್ಮ ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆಯೇ? ಬಾಕಿಯ ವಿವರ ಕೊಟ್ಟಿದ್ದಾರೆಯೇ? ಅಡಮಾನದ ಸ್ವತ್ತಿನ ಚಕ್ಕುಬಂದಿ, ಖಾತಾ ಸಂಖ್ಯೆ ಸರಿಯಿದೆಯೇ? ಸಹಿ ಮಾಡಿದವರು ‘ಅಧಿಕೃತ ಅಧಿಕಾರಿ’ಯೇ? ಸರ್ಕಾರಿ ಬ್ಯಾಂಕಿನಲ್ಲಿ ಅವರು ಚೀಫ್ ಮ್ಯಾನೇಜರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ದಂಡದ ಹೆಸರಿನಲ್ಲಿ ಬಡ್ಡಿಯ ಮೇಲೆ ಬಡ್ಡಿ ಏರಿಸಿದ್ದಾರೆಯೇ ನೋಡಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ದಂಡಬಡ್ಡಿಯನ್ನು ನಿಲ್ಲಿಸಲು ಆದೇಶಿಸಿತು. ಈಗ ಹಾಕಬಹುದಾದದ್ದು ದಂಡ ಶುಲ್ಕ ಮಾತ್ರ, ಆ ಶುಲ್ಕಕ್ಕೆ ಮತ್ತೆ ಬಡ್ಡಿ ಹಾಕುವಂತಿಲ್ಲ.

ಸರ್ಫೇಸಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಇಲ್ಲೇ ನೋಡಿಬಿಡಿ. ಉಳಿದ ಬಾಕಿ, ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆ ಬಳಸುವಂತಿಲ್ಲ. ಬಹುಪಾಲು ಸಾಲ ತೀರಿಸಿ ಕೊನೆಗೆ ತಪ್ಪಿದವರಿಗೆ ಇದೇ ರಕ್ಷೆ. ಎನ್‌ಬಿಎಫ್‌ಸಿಗಳು, ಅಂದರೆ ಬ್ಯಾಂಕೇತರ ಹಣಕಾಸು ಕಂಪನಿಗಳು, ₹20 ಲಕ್ಷಕ್ಕಿಂತ ಕಡಿಮೆ ಸಾಲಕ್ಕೆ ಇದನ್ನು ಬಳಸಲಾಗದು. ಕೃಷಿ ಜಮೀನಿಗೂ ಅನ್ವಯಿಸದು, ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜವಾಗಿಯೂ ಸಾಗುವಳಿ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಸಹಕಾರಿ ಬ್ಯಾಂಕುಗಳಿಗೆ ಈ ಅಧಿಕಾರ ಇದೆ ಎಂಬುದು 2020ರಲ್ಲಿ ಇತ್ಯರ್ಥವಾಗಿದೆ.

ಉತ್ತರ ಬರೆಯುವುದು ಹೇಗೆ

ನೋಟಿಸಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಸೆಕ್ಷನ್ 13(3ಎ) ಅವಕಾಶ ಕೊಡುತ್ತದೆ. ತಲುಪಿದ 15 ದಿನದೊಳಗೆ ಬ್ಯಾಂಕು ಕಾರಣ ಸಹಿತ ಉತ್ತರಿಸಲೇಬೇಕು. ಉತ್ತರಿಸದೆ ಮುಂದುವರಿದರೆ ಮುಂದೆ ನ್ಯಾಯಮಂಡಳಿಯಲ್ಲಿ ಅದೇ ನಿಮ್ಮ ಗಟ್ಟಿ ಅಂಶ. ಹಾಗಾಗಿ 60ನೇ ದಿನದವರೆಗೆ ಕಾಯಬೇಡಿ, ಮೊದಲ ಎರಡು ವಾರದಲ್ಲೇ ಕಳಿಸಿ.

ಪತ್ರದಲ್ಲಿ ಕಷ್ಟಸುಖ ಒಂದು ಪ್ಯಾರಾ ಸಾಕು, ಉಳಿದದ್ದು ಅಂಕಿ. ಉದಾಹರಣೆಗೆ: ‘ನಿಮ್ಮ ನೋಟಿಸಿನಲ್ಲಿ ಹೇಳಿರುವ ಮೊತ್ತವನ್ನು ಒಪ್ಪಲಾಗುತ್ತಿಲ್ಲ. ನಾನು ಈ ದಿನಾಂಕದಂದು ಕಟ್ಟಿದ ಇಷ್ಟು ರೂಪಾಯಿ ಜಮೆಯಾಗಿಲ್ಲ, ರಸೀದಿಯ ಪ್ರತಿ ಲಗತ್ತಿಸಿದೆ. ಸಾಲ ಆರಂಭವಾದ ದಿನದಿಂದ ಈವರೆಗಿನ ಖಾತೆ ವಿವರ, ಬಡ್ಡಿದರ ಬದಲಾದ ದಿನಾಂಕಗಳು, ಹಾಕಿರುವ ಶುಲ್ಕಗಳ ಪಟ್ಟಿ ಕೊಡಬೇಕು. ಬಾಕಿ ಕಂತುಗಳ ಪೈಕಿ ಇಷ್ಟನ್ನು ಈ ತಿಂಗಳ ಇಂಥ ದಿನ, ಉಳಿದದ್ದನ್ನು ಮುಂದಿನ ಮೂರು ತಿಂಗಳಲ್ಲಿ ಕಟ್ಟಲು ಸಿದ್ಧನಿದ್ದೇನೆ.’ ಕೊನೆಯ ವಾಕ್ಯದ ಜೊತೆ ಒಂದಿಷ್ಟು ಹಣವನ್ನೂ ಅಂದೇ ಕಟ್ಟಿದರೆ ಪತ್ರದ ತೂಕ ಹೆಚ್ಚುತ್ತದೆ. ‘ಸಾಲವೇ ಇಲ್ಲ’, ‘ಸಹಿ ನನ್ನದಲ್ಲ’ ಎಂಬಂಥ ಸುಳ್ಳು ವಾದ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಅಧಿಕೃತ ಅಧಿಕಾರಿಯ ಹೆಸರಿಗೇ ಕಳಿಸಿ, ಇಮೇಲ್ ಕೂಡ ಮಾಡಿ. ಶಾಖೆಯ ಟೇಬಲ್ ಮೇಲೆ ಇಟ್ಟುಬಂದ ಪತ್ರ ಕೊಟ್ಟಂತಲ್ಲ.

ಬ್ಯಾಂಕಿನ ನಡವಳಿಕೆ ಬಗ್ಗೆ ದೂರಿದ್ದರೆ ಮೊದಲು ಬ್ಯಾಂಕಿಗೇ ಕೊಟ್ಟು 30 ದಿನ ಕಾದು, ನಂತರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ದೂರು ಇತ್ಯರ್ಥ ಅಧಿಕಾರಿ) ಬಳಿ ಹೋಗಬಹುದು. ಗೃಹಸಾಲ ಕಂಪನಿಗಳ ಮೇಲಿನ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ. ಇದರಿಂದ ಹರಾಜು ನಿಲ್ಲುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ.

ನೀವೇ ಮಾರುವುದಾದರೆ

ಮುಂದೆ ಕಟ್ಟುವ ಶಕ್ತಿ ಇಲ್ಲವೆಂದು ಗೊತ್ತಿದ್ದರೆ, ಹರಾಜಿಗೆ ಬಿಡುವ ಬದಲು ತಾವೇ ಮಾರುವುದು ಲೇಸು. ಹರಾಜಿನಲ್ಲಿ ಕೊಳ್ಳುವವರು ಅಗ್ಗಕ್ಕೇ ಬರುತ್ತಾರೆ. ಆದರೆ 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರುವುದಾಗಲಿ ಭೋಗ್ಯಕ್ಕೆ ಕೊಡುವುದಾಗಲಿ ನಿಷಿದ್ಧ. ಹಳೆಯ ತಾರೀಖು ಹಾಕಿ ಬಾಡಿಗೆ ಕರಾರು ಮಾಡಿಸಿ ಬ್ಯಾಂಕನ್ನು ತಡೆಯುತ್ತೇನೆ ಎನ್ನುವ ದಲ್ಲಾಳಿಗಳಿದ್ದಾರೆ, ದೂರವಿಡಿ.

ಸರಿಯಾದ ಕ್ರಮ ಹೀಗೆ. ಬ್ಯಾಂಕಿನಿಂದ ನಿಗದಿತ ದಿನಾಂಕಕ್ಕೆ ಪೂರ್ತಿ ತೀರುವಳಿ ಮೊತ್ತದ ಪತ್ರ (ಫೋರ್‌ಕ್ಲೋಷರ್ ಲೆಟರ್) ಮತ್ತು ಕೊಳ್ಳುವವರ ಮುಂದಿಡಲು ಮೂಲಪತ್ರಗಳ ಪಟ್ಟಿ ಪಡೆಯಿರಿ. ಮುಂಗಡವೂ ಸೇರಿದಂತೆ ಕೊಳ್ಳುವವರ ಹಣ ನಿಮ್ಮ ಕೈಗೆ ಬಾರದೆ ನೇರ ಸಾಲದ ಖಾತೆಗೆ ಹೋಗಲಿ, ಹೆಚ್ಚುವರಿ ಮಾತ್ರ ನಿಮಗೆ. ಫ್ಲೋಟಿಂಗ್ (ಆಗಾಗ ಬದಲಾಗುವ) ಬಡ್ಡಿದರದ ವೈಯಕ್ತಿಕ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಕಟ್ಟಬೇಕಿಲ್ಲ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ ₹5,000 ಪರಿಹಾರ.

ಓಟಿಎಸ್, ಅಂದರೆ ಕಡಿಮೆ ಮೊತ್ತಕ್ಕೆ ಒಂದೇ ಸಲ ತೀರುವಳಿ ಕೇಳಬಹುದು, ಹಕ್ಕಿನಿಂದ ಒತ್ತಾಯಿಸುವಂತಿಲ್ಲ. ಒಪ್ಪಿದ ಮೇಲೆ ಒಂದು ದಿನ ತಡವಾದರೂ ರದ್ದಾಗಬಹುದು, ನಿಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಕಲೆಯೂ ಉಳಿಯುತ್ತದೆ.

ಬಾಗಿಲಿಗೆ ಅಂಟಿಸಿದ ಚೀಟಿ

60 ದಿನ ಮುಗಿದ ಮೇಲೆ ಬ್ಯಾಂಕಿನವರು ಬಂದು ಹೊರಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸುತ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಸ್ಥಳೀಯ ಭಾಷೆಯದ್ದು, ಪ್ರಕಟಿಸುತ್ತಾರೆ. ಯಾರನ್ನೂ ಹೊರಹಾಕುವುದಿಲ್ಲ, ಬೀಗ ಹಾಕುವುದಿಲ್ಲ. ಇದು ಸಾಂಕೇತಿಕ ಸ್ವಾಧೀನ. ಒಲೆ ಉರಿಯುತ್ತಲೇ ಇರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಲೇ ಇರುತ್ತಾರೆ. ಬಹಳ ಮನೆಗಳು ಕೈತಪ್ಪುವುದು ಇಲ್ಲೇ. ‘ಚೀಟಿ ತಾನೆ’ ಎಂದು ಜನ ಸುಮ್ಮನಾಗುತ್ತಾರೆ. ಸೆಕ್ಷನ್ 17ರಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ (ಡಿಆರ್‌ಟಿ) ಹೋಗಲು ಇರುವ 45 ದಿನ ಅಂದಿನಿಂದಲೇ ಓಡುತ್ತದೆ. ಸಾಂಕೇತಿಕ ಸ್ವಾಧೀನವಾದರೂ ಡಿಆರ್‌ಟಿಗೆ ಹೋಗಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮನೆ ಖಾಲಿ ಮಾಡಿಸಲು ಪೊಲೀಸರು ಬಂದಾಗ ವಕೀಲರನ್ನು ಹುಡುಕಿದರೆ ಆಗಲೇ ತಡವಾಗಿರುತ್ತದೆ.

ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಗೆ ಹಾಕಿದ ದಾವೆ ನಿಲ್ಲುವುದಿಲ್ಲ, ಸೆಕ್ಷನ್ 34 ಅದಕ್ಕೆ ಬಾಗಿಲು ಮುಚ್ಚಿದೆ. ಆ ದಾವೆಯ ಓಡಾಟದಲ್ಲೇ 45 ದಿನ ಕಳೆದುಹೋಗುತ್ತದೆ. ಕರ್ನಾಟಕದವರಿಗೆ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ. ಶುಲ್ಕ ಬಾಕಿ ಮೊತ್ತದ ಮೇಲೆ: ₹10 ಲಕ್ಷದವರೆಗೆ ಲಕ್ಷಕ್ಕೆ ₹500, ಅದಕ್ಕೂ ಮೇಲೆ ₹5,000ದ ಜೊತೆ ಪ್ರತಿ ಹೆಚ್ಚುವರಿ ಲಕ್ಷಕ್ಕೆ ₹250. ₹30 ಲಕ್ಷದ ಬಾಕಿಗೆ ₹10,000. ಅರ್ಜಿ ಹಾಕಿದ ಮಾತ್ರಕ್ಕೆ ತಡೆ ಸಿಗುವುದಿಲ್ಲ. ಸಾಮಾನ್ಯವಾಗಿ ಬಾಕಿಯ ಒಂದು ಭಾಗ ಕಟ್ಟುವ ಷರತ್ತಿನ ಮೇಲೆ ತಡೆ ಕೊಡುತ್ತಾರೆ, ಆ ಹಣ ಮೊದಲೇ ಹೊಂದಿಸಿಕೊಂಡಿರಿ. ಅಲ್ಲಿ ಸೋತರೆ 30 ದಿನದೊಳಗೆ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಗಬಹುದು. ಆದರೆ ಸಾಲದ ಅರ್ಧ, ಕಡಿಮೆಯೆಂದರೂ ಕಾಲುಭಾಗ ಠೇವಣಿ ಇಡಬೇಕು. ಆದ್ದರಿಂದ ಇರುವ ಶಕ್ತಿಯನ್ನೆಲ್ಲ ಡಿಆರ್‌ಟಿಯಲ್ಲೇ ಹಾಕುವುದು ಜಾಣತನ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.

ನಿಜವಾಗಿ ಮನೆ ಖಾಲಿ ಮಾಡಿಸಲು ಬ್ಯಾಂಕು ಸೆಕ್ಷನ್ 14ರಡಿ ಜಿಲ್ಲಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಆದೇಶ ಪಡೆಯುತ್ತದೆ. ಅಂದು ಚಿನ್ನ, ಪ್ರಮಾಣಪತ್ರಗಳು, ಔಷಧಿ ನಿಮ್ಮ ಕೈಯಲ್ಲಿರಲಿ. ಅಡಮಾನವಾಗಿರುವುದು ಮನೆ, ಒಳಗಿನ ಸಾಮಾನಲ್ಲ. ಸಾಮಾನಿನ ಪಟ್ಟಿ ಮಾಡಿಸಿ ಪ್ರತಿ ಪಡೆಯಿರಿ.

ಹರಾಜಿನ ಜಾಹೀರಾತು ಬರುವ ಮುನ್ನ

ಮೊದಲೆಲ್ಲ ಮಾರಾಟ ಪೂರ್ಣವಾಗುವವರೆಗೂ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜು ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹರಾಜಿನ ದಿನ ಹಣದ ಚೀಲ ಹಿಡಿದು ಹೋದರೆ ಬ್ಯಾಂಕು ಒಪ್ಪಬೇಕೆಂದಿಲ್ಲ.

ಮೊದಲ ಸಲದ ಹರಾಜಿಗೆ 30 ದಿನ ಮುಂಚೆ ನಿಮಗೆ ನೋಟಿಸ್ ಬರಬೇಕು. ಅದು ಕೈಸೇರಿದ ಕೂಡಲೇ ಕನಿಷ್ಠ ಬೆಲೆ ನೋಡಿ. ಅದು ಮಾನ್ಯತೆ ಪಡೆದ ಮೌಲ್ಯಮಾಪಕರ ವರದಿ ಆಧರಿಸಿರಬೇಕು. ತೀರಾ ಕಡಿಮೆಯೆನಿಸಿದರೆ ನಿಮ್ಮದೇ ಮೌಲ್ಯಮಾಪಕರ ವರದಿ, ಅದೇ ಬೀದಿಯ ಇತ್ತೀಚಿನ ನೋಂದಣಿಗಳ ಪ್ರತಿ ಸಮೇತ ಆಕ್ಷೇಪಣೆ ಸಲ್ಲಿಸಿ. ‘ಮನೆಗೆ ಕೋಟಿ ಬಾಳುತ್ತೆ’ ಎಂಬ ಬರೀ ಮಾತನ್ನು ಯಾರೂ ಕೇಳುವುದಿಲ್ಲ.

ಹರಾಜು ಗೆದ್ದವರು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇ 25, ಉಳಿದದ್ದನ್ನು 15 ದಿನದಲ್ಲಿ ಕಟ್ಟಬೇಕು. ಈ ಅವಧಿಯನ್ನು ಹೆಚ್ಚೆಂದರೆ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಬಂದ ಹಣದಲ್ಲಿ ಖರ್ಚು, ಸಾಲ ಕಳೆದು ಮಿಕ್ಕಿದ್ದು ನಿಮ್ಮದು. ಕೇಳದೆ ಅದು ಬರುತ್ತದೆಂದು ಕಾಯಬೇಡಿ: ಮಾರಾಟದ ಮೊತ್ತ, ಕಳೆದ ಖರ್ಚುಗಳ ಬಾಬ್ತುವಾರು ಲೆಕ್ಕ ಮತ್ತು ಉಳಿಕೆ ಹಣ ಕೇಳಿ ಅಧಿಕೃತ ಅಧಿಕಾರಿಗೆ ಪತ್ರ ಬರೆಯಿರಿ. ಸಾಲದಷ್ಟು ಹಣ ಹುಟ್ಟದಿದ್ದರೆ ಕೊರತೆಗೆ ಬ್ಯಾಂಕು ನಿಮ್ಮ ಮೇಲೂ ಜಾಮೀನುದಾರರ ಮೇಲೂ ಬೇರೆ ದಾವೆ ಹೂಡಬಹುದು. ಆಗಲೂ ಇದೇ ಲೆಕ್ಕದ ಕಾಗದ ಬೇಕಾಗುತ್ತದೆ.